ಮೀಟರ್ ಬಿಡಿ, ಬೆಳಗ್ಗೆ ಐದೂವರೆಗೆ ಕಾಲುವೆ ಹತ್ತಿರ ಹೋಗಿ

ಹೂಳೆತ್ತಿ, ಕಾಂಕ್ರೀಟ್ ಒಡೆದು ಸರಿಮಾಡಿದ ಬಡಾವಣೆಯ ಕಾಲುವೆ ನೀರಲ್ಲಿ ಎಷ್ಟು ಆಮ್ಲಜನಕ ಕರಗಿದೆ ಅಂತ ನೋಡಲು ಯಾವ ಮೀಟರ್ ಕೊಳ್ಳಲಿ, ಭಾನುವಾರ ಭಾನುವಾರ ಹೋದರೆ ಸಾಕಾ ಅಂತ ಕೇಳಿದ್ದೀರಿ. ನಾನೂ ಭಾನುವಾರದವನೇ.

ನಮ್ಮದು ಕೆಂಗೇರಿ ಕಡೆ, ವೃಷಭಾವತಿಗೆ ಸೇರುವ ಸಣ್ಣ ಕಾಲುವೆ. ನಾಲ್ಕು ಜನ ಸೇರಿ ಹದಿನಾಲ್ಕು ತಿಂಗಳು ಬಿಡದೆ ನೋಡಿದೆವು. ಊಟ, ಒಂದು ಸಣ್ಣ ನಿದ್ದೆ, ಆಮೇಲೆ ನಾಲ್ಕು ಗಂಟೆಗೆ ಬಾಟಲಿ ಹಿಡಿದು ಹೊರಡುವುದು. ನಾವು ಕೆಟ್ಟಿದ್ದೇ ಆ ನಾಲ್ಕು ಗಂಟೆಯಿಂದ.

ನೀರಲ್ಲಿ ಪಾಚಿ ಇತ್ತು. ಬಿಸಿಲಿದ್ದಷ್ಟು ಹೊತ್ತು ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಜೊತೆಗೆ ತಳದ ಕೊಚ್ಚೆ ತಿನ್ನುವ ಬ್ಯಾಕ್ಟೀರಿಯಾ, ಎರಡೂ ಅದನ್ನು ಹೀರಿಬಿಡುತ್ತವೆ. ಬೆಳಕು ಹರಿಯುವ ಮುಂಚೆ ತೀರಾ ಕೆಳಗಿಳಿದಿರುತ್ತದೆ. ನಾವು ನೋಡಿದ್ದು ದಿನದ ಒಳ್ಳೆಯ ಗಳಿಗೆ ಮಾತ್ರ. ಮದುವೆ ಫೋಟೋ ನೋಡಿ ಸಂಸಾರ ಚೆನ್ನಾಗಿದೆ ಅಂದ ಹಾಗೆ! ಲೀಟರಿಗೆ 11 ಮಿಲಿಗ್ರಾಂ ಬಂದಾಗಲಾದರೂ ಅನುಮಾನ ಬರಬೇಕಿತ್ತು. ಬೆಂಗಳೂರಿನ ಎತ್ತರದಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದುಕೊಳ್ಳುವುದೇ ಏಳೂವರೆ ಹತ್ತಿರ. ಮಿಕ್ಕಿದ್ದು ಪಾಚಿಯದು. ಮೀನಿಗೆ ಕನಿಷ್ಠ 4 ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ನಮಗೆ 11 ಬಂತಲ್ಲ ಅಂತ ಸ್ವೀಟ್ ಹಂಚಿದೆವು.

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಹಾಲು ತರಲು ಹೋದರೆ ಜಿಲೇಬಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊಳಕು ನೀರಲ್ಲೂ ಬದುಕುವ ಗಟ್ಟಿ ಜಾತಿ ಅದು. ಮರುದಿನ ಐದೂವರೆಗೆ ಹೋಗಿ ವಿಂಕ್ಲರ್ ಕಿಟ್‌ನ, ಅಂದರೆ ದ್ರಾವಣ ಹಾಕಿ ಆಮ್ಲಜನಕ ಅಳೆಯುವ ಕಿಟ್‌ನ, ಬಾಟಲಿಗೆ ನೀರು ತುಂಬಿ ಎರಡೂ ದ್ರಾವಣ ಬಿಟ್ಟೆ. ಸಂಜೆ ಹೊತ್ತು ಕಾಫಿ ಬಣ್ಣಕ್ಕೆ ತಿರುಗುತ್ತಿದ್ದದ್ದು ಅವತ್ತು ಮಜ್ಜಿಗೆ ಹಾಗೆ ಬೆಳ್ಳಗೇ ಉಳಿಯಿತು. ಬಿಳಿ ಅಂದರೆ ಆಮ್ಲಜನಕ ಇಲ್ಲ ಅಂತಲೇ ಲೆಕ್ಕ. ಅಲ್ಲೇ ಕೂತೆ. ಏಳು ಗಂಟೆಗೆ ಪೊದೆ ಹಿಂದಿನ ಪೈಪಿನಿಂದ ಬೂದು ನೀರು, ಸೋಪಿನ ನೊರೆ ಶುರುವಾಯಿತು. ಒಂಬತ್ತಕ್ಕೆ ನಿಂತಿತು. ಸಂಜೆ ಆ ಪೈಪು ಒಣಗಿರುತ್ತಿತ್ತು, ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಆದ್ದರಿಂದ ಮೀಟರ್‌ಗೆ ಸುಮ್ನೆ ದುಡ್ಡು ಸುರೀಬೇಡಿ, ಕಿಟ್ ಸಾಕು. ವಾರ ವಾರ ಹೋಗೋದೂ ಬೇಡ. ತಿಂಗಳಿಗೊಂದು ದಿನ ಹೋಗಿ, ಆದರೆ ಬೆಳಗಿನ ಜಾವ ಮತ್ತು ಸಂಜೆ ಎರಡೂ ಹೊತ್ತು. ಪೈಪ್ ಇದ್ದರೆ ನೀರು ಹರಿದು ಬರುವ ದಿಕ್ಕಿನಲ್ಲಿ ಅದಕ್ಕೂ ಮೊದಲು ಒಂದು ಕಡೆ, ಅದನ್ನು ದಾಟಿದ ಮೇಲೆ ಒಂದು ಕಡೆ ನೀರು ತೆಗೀರಿ. ಹಾಗೇ ಕಲ್ಲು ಮಗುಚಿ ನೋಡಿ. ಬರೀ ಕೆಂಪು ಹುಳು ಸಿಕ್ಕರೆ ಇನ್ನೂ ಕೊಳಚೆ ಬರುತ್ತಿರಬಹುದು ಅಂತ ತಿಳಿಯಿರಿ.

ಮತ್ತೆ, ಸಮಯ ಬರೆಯಿರಿ. ನಮ್ಮ ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು ಮಾತ್ರ ಇದೆ. ನಾಲ್ಕು ಗಂಟೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಯಾಕೆ ಬರೀಬೇಕು ಅಂತ ಬಿಟ್ಟಿದ್ದೆವು.