ಕ್ಯಾಂಪ್ ಮಾಡೋದಾ, ಮಂಗಳವಾರದ ಡಾಕ್ಟರನ್ನು ಕೇಳೋದಾ?

ಪ್ರಶ್ನೆ: ನಾವು ಶಿಡ್ಲಘಟ್ಟದವರು, ರೇಷ್ಮೆ ರೀಲಿಂಗ್ ಮಾಡುವ ಮನೆ. ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಲ್ಲಿ ಸಣ್ಣ ಟ್ರಸ್ಟ್ ಮಾಡಿ ವರ್ಷಕ್ಕೆ ನಾಲ್ಕು ಲಕ್ಷದಷ್ಟು ಖರ್ಚು ಮಾಡುತ್ತೇವೆ. ನೋಟ್‌ಬುಕ್ಕು, ಕಣ್ಣಿನ ಕ್ಯಾಂಪು ಹೀಗೆ. ಹೋದ ವರ್ಷ ನಮ್ಮ ಬೀದಿಯ ಪಿಯುಸಿ ಹುಡುಗ ಆರು ತಿಂಗಳು ಮನೆಯಿಂದ ಆಚೆಗೇ ಬರಲಿಲ್ಲ. ಅವರ ಮನೆಯವರು ದೇವಸ್ಥಾನ, ದರ್ಗಾ ಎಲ್ಲಾ ಸುತ್ತಿ ಕೊನೆಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಈ ಸಲದ ದುಡ್ಡು ಇಂಥ ಮಕ್ಕಳಿಗೆ ಹೋಗಲಿ ಅಂತ ನನ್ನ ಆಸೆ. ತಮ್ಮ, ‘ಒಂದು ದೊಡ್ಡ ಕ್ಯಾಂಪ್ ಮಾಡಿಬಿಡೋಣ’ ಅಂತಾನೆ. ಏನು ಮಾಡಲಿ?

ಉತ್ತರ: ಕ್ಯಾಂಪ್ ಬೇಡ. ಕಣ್ಣಿನದಾದರೆ ಒಂದೇ ದಿನದಲ್ಲಿ ಪರೀಕ್ಷೆ ಮಾಡಿ ಕನ್ನಡಕ ಕೊಟ್ಟು ಕಳಿಸಬಹುದು. ಮನಸ್ಸಿಗೆ ಹುಷಾರಿಲ್ಲದಿದ್ದರೆ ತಿಂಗಳುಗಟ್ಟಲೆ ಓಡಾಡಬೇಕು. ಅದೇ ಡಾಕ್ಟರು, ಅದೇ ಮಾತ್ರೆ, ಪರಿಚಯದ ಮುಖ ಬೇಕು. ಶಾಮಿಯಾನ ಬಿಚ್ಚಿದ ಮಾರನೇ ದಿನ ಆ ಹುಡುಗ ಯಾರ ಹತ್ತಿರ ಹೋಗಬೇಕು? ಅದೂ ಅಲ್ಲದೆ ಊರ ನಡುವೆ ಮೈಕಿನಲ್ಲಿ ಹೆಸರು ಕೂಗಿದರೆ ಯಾವ ಹದಿನೇಳರ ಹುಡುಗಿ ಬಂದು ಸಾಲಿನಲ್ಲಿ ನಿಲ್ಲುತ್ತಾಳೆ ಹೇಳಿ.

ಮನೋಚೈತನ್ಯ ಅಂತ ನಮ್ಮ ರಾಜ್ಯದಲ್ಲೇ ಒಂದು ಕಾರ್ಯಕ್ರಮ ಇದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡಬೇಕು. ಅಂಥ ಒಂದು ಮಂಗಳವಾರ ನಾನು ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ತಾಯಿ ಎರಡು ಬಸ್ ಹತ್ತಿ ಮಗನನ್ನು ಕರೆದುಕೊಂಡು ಬಂದಿದ್ದರು. ಅವರಿಗೆ ಬಸ್ ಫ್ರೀ, ಮಗನಿಗೆ ಟಿಕೆಟ್. ಡಾಕ್ಟರು ಸಮಾಧಾನವಾಗಿ ಮಾತಾಡಿಸಿ ಮೂರು ಮಾತ್ರೆ ಬರೆದುಕೊಟ್ಟರು. ಔಷಧಿ ಕಿಟಕಿಯಲ್ಲಿ ಒಂದು ಸಿಕ್ಕಿತು, ‘ಉಳಿದದ್ದು ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಅಂದರು. ಆ ಅಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮೆಡಿಕಲ್ ಸ್ಟೋರ್ ಎದುರಿಗೇ ಇತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ.

ಆ ಮಾತ್ರೆ ಯಾರೋ ದಾನವಾಗಿ ಕೊಡಬೇಕಾದದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಪಟ್ಟಿಯಲ್ಲಿರುವ ಅಗತ್ಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲೂ ಯಾವಾಗಲೂ ಪುಕ್ಕಟೆ ಸಿಗಬೇಕು. ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅಂದಮೇಲೆ ಕೇಳುವವರು ಬೇಕು, ಅಲ್ವಾ? ನಿಮ್ಮ ಟ್ರಸ್ಟ್ ಆ ಕೆಲಸ ಮಾಡಲಿ.

ಊರಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಸಂಬಳಕ್ಕೆ ಇಟ್ಟುಕೊಳ್ಳಿ. ಆಸ್ಪತ್ರೆಯವರ ಒಪ್ಪಿಗೆ ಪಡೆದು ಪ್ರತಿ ಮಂಗಳವಾರ ಅಲ್ಲಿ ಕೂರಲಿ. ಡಾಕ್ಟರು ಬಂದರಾ, ಎಷ್ಟು ಜನ ಬಂದರು, ಇಪ್ಪತ್ತೈದರೊಳಗಿನವರು ಎಷ್ಟು, ಯಾವ ಮಾತ್ರೆ ಇರಲಿಲ್ಲ, ಇಷ್ಟು ಬರೆದಿಟ್ಟರೆ ಸಾಕು. ಯಾರ ಹೆಸರೂ ಬೇಡ. ಆರು ತಿಂಗಳಾದ ಮೇಲೆ ಆ ಪುಸ್ತಕ ಹಿಡಿದು ತಾಲೂಕು ಆರೋಗ್ಯಾಧಿಕಾರಿ ಹತ್ತಿರ ಹೋಗಿ. ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿ. ಆಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಎಂಎಲ್‌ಎ. ಆ ತಾಯಿ ಅರ್ಜಿ ಕೊಟ್ಟರೆ ಯಾರೂ ಓದಲ್ಲ, ಊರಿಗೆ ನೋಟ್‌ಬುಕ್ ಹಂಚಿದ ಟ್ರಸ್ಟಿನವರು ಬಂದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಇದು ನ್ಯಾಯ ಅಲ್ಲ. ಆದರೂ ಆ ಕುರ್ಚಿಯಲ್ಲಿ ಕೂತು ಆ ತಾಯಿಯ ಮಾತು ಆಡಿ.

ಉಳಿದ ದುಡ್ಡಲ್ಲಿ ಮಧ್ಯದಲ್ಲಿ ಬರೋದು ನಿಲ್ಲಿಸಿದವರಿಗೆ ಬಸ್ ಚಾರ್ಜು ಕೊಡಿ. ಮಾತ್ರೆಯನ್ನು ಮಾತ್ರ ನೀವೇ ವರ್ಷಪೂರ್ತಿ ಕೊಂಡುಕೊಡಬೇಡಿ. ಟ್ರಸ್ಟಿನವರು ಕೊಡ್ತಾರೆ ಅಂತಾದರೆ ಆಸ್ಪತ್ರೆಯಿಂದ ಔಷಧಿ ಬೇಕು ಅನ್ನುವ ಇಂಡೆಂಟ್ ಹೋಗೋದೇ ನಿಂತುಹೋಗುತ್ತದೆ.

ಒಂದು ತಾಲೂಕಿನ ಲೆಕ್ಕದಿಂದ ಏನಾಗುತ್ತೆ ಅನ್ನಬೇಡಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಅಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ.

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ಒಂದು ಕಂಪನಿಯ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಕಂಪನಿ ಖರ್ಚು ಮಾಡುವ ದುಡ್ಡು, ನೋಡಿಕೊಳ್ಳುತ್ತೇನೆ. ಯುವಜನರ ಮಾನಸಿಕ ಆರೋಗ್ಯಕ್ಕೆ ಕೊಡೋಣ ಅಂದರೆ ಮೇಲಿನವರು, ‘ಮಾರ್ಚ್ ಒಳಗೆ ಮುಗಿಯುವಂಥದ್ದು, ಒಳ್ಳೆ ಫೋಟೋ ಬರುವಂಥದ್ದು ಹೇಳಿ’ ಅಂತಾರೆ.

ಉತ್ತರ: ಮಾರ್ಚ್ ಮಾತಿಗೆ ಕಾನೂನಲ್ಲೇ ಉತ್ತರ ಇದೆ. ಸಿಎಸ್‌ಆರ್ ದುಡ್ಡು ಯಾವುದಕ್ಕೆ ಹೋಗಬಹುದು ಅಂತ ಪಟ್ಟಿ ಮಾಡಿರುವ, 2013ರ ಕಂಪನಿ ಕಾಯ್ದೆಯ 7ನೇ ಶೆಡ್ಯೂಲಿನ ಮೊದಲ ಅಂಶದಲ್ಲೇ ಆರೋಗ್ಯ ಬರುತ್ತದೆ. ‘ಮುಂದುವರಿಯುವ ಯೋಜನೆ’ ಅಂತ ಬೋರ್ಡ್ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಉಳಿದ ದುಡ್ಡನ್ನು ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಬೇಕು, ಅಷ್ಟೇ. ನಿಮ್ಮ ನೌಕರರಿಗೆ ಮಾತ್ರ ಮಾಡಿದರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ, ಅದನ್ನೂ ಹೇಳಿ.

ಫೋಟೋ ಬೇಡವೇ ಬೇಡ. ಚಿಕಿತ್ಸೆಯಲ್ಲಿರುವವರ ಫೋಟೋವನ್ನು ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಅಂತ ಆ 2017ರ ಕಾಯ್ದೆಯೇ ಹೇಳುತ್ತದೆ. ಮದುವೆ ಆಗಬೇಕಾದ ಮಕ್ಕಳು ಸ್ವಾಮಿ, ನಾಳೆ ಆ ಫೋಟೋ ಎಲ್ಲೆಲ್ಲಿಗೋ ಹೋಗುತ್ತದೆ. ಎಲ್ಲಿ ಕೆಲಸ ಮಾಡೋದು ಅಂತ ನನ್ನನ್ನು ಕೇಳಿದರೆ ನಿಮ್ಮ ಜಿಲ್ಲೆಯ ಪಾವಗಡಕ್ಕೆ ಹೋಗಿ. ಜಿಲ್ಲಾ ಕೇಂದ್ರದಿಂದ ನೂರು ಕಿಲೋಮೀಟರ್ ದೂರ. ಅಲ್ಲಿಂದ ತುಮಕೂರಿಗೆ ಬಂದು ತೋರಿಸಿಕೊಂಡು ಹೋಗುವುದರಲ್ಲಿ ಒಂದು ದಿನದ ಕೂಲಿ ಹೋಯಿತು. 2016ರಲ್ಲಿ ದೀಪಿಕಾ ಪಡುಕೋಣೆಯವರ ಲಿವ್ ಲವ್ ಲಾಫ್ ಸಂಸ್ಥೆ ಹಳ್ಳಿಗಳ ಕೆಲಸ ಶುರು ಮಾಡಿದ್ದೂ ಬೆಂಗಳೂರಲ್ಲಲ್ಲ, ದಾವಣಗೆರೆ ಜಿಲ್ಲೆಯಲ್ಲಿ.

ಪ್ರಶ್ನೆ: ನಾನು ಕೋಲಾರ ತಾಲೂಕಿನ ವಿದ್ಯಾರ್ಥಿನಿ, 17 ವರ್ಷ. ನಮ್ಮ ಕಾಲೇಜಿಗೆ ದಾನಿಗಳು ಬಂದು ‘ಒತ್ತಡ ನಿರ್ವಹಣೆ’ ಭಾಷಣ ಮಾಡಿಸಿದರು. ನಮಗೇನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾವೇ ಹೇಳಬಹುದಾ? ರಾತ್ರಿ ನಿದ್ದೆ ಬರಲ್ಲ, ಅಳು ಬರುತ್ತೆ, ಅದನ್ನೂ ಯಾರ ಹತ್ತಿರ ಹೇಳಲಿ?

ಉತ್ತರ: ಖಂಡಿತ ಹೇಳಬಹುದು ಪುಟ್ಟಿ. ನಾಲ್ಕೈದು ಜನ ಸೇರಿ ಒಂದು ಪುಟ ಬರೆದು ಪ್ರಿನ್ಸಿಪಾಲರ ಮೂಲಕ ಆ ದಾನಿಗಳಿಗೆ ಕಳಿಸಿ. ಭಾಷಣ ಬೇಡ, ವಾರಕ್ಕೊಂದು ದಿನ ಆಪ್ತಸಮಾಲೋಚಕರು ಬರಲಿ, ಬಾಗಿಲು ಮುಚ್ಚುವ ಒಂದು ರೂಮಿರಲಿ, ಊರಿಗೆ ಕೊನೇ ಬಸ್ ಹೊರಡುವ ಮುಂಚೆ ಮುಗಿಯಲಿ ಅಂತ ಬರೆಯಿರಿ. ದುಡ್ಡು ಕೊಡುವವರಿಗೆ ಇದು ತಾನಾಗಿ ಹೊಳೆಯಲ್ಲ.

ಆದರೆ ನಿನ್ನ ನಿದ್ದೆಯ ವಿಷಯ ಆ ಕಾಗದಕ್ಕೆ ಕಾಯೋದು ಬೇಡ. ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, 14416. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಅಮ್ಮನಿಗೋ, ನಿನಗೆ ಇಷ್ಟವಾದ ಮೇಡಂಗೋ ಒಂದು ಮಾತು ಹೇಳು. ಮುಂದಿನ ಮಂಗಳವಾರ ಯಾರಾದರೂ ದೊಡ್ಡವರು ನಿನ್ನ ಜೊತೆ ಆಸ್ಪತ್ರೆಗೆ ಬರಲಿ.