ಒಂಟಿ ರೆಕ್ಕೆಯ ವಿಮಾನದ ವಿಡಿಯೊ ನಿಜಾನಾ?

ಹಾರುವಾಗಲೇ ಒಂದು ರೆಕ್ಕೆ ಕಿತ್ತುಹೋಗಿ, ಸಣ್ಣ ಸ್ಟಂಟ್ ವಿಮಾನ ಅಡ್ಡಡ್ಡ ಹಾರಿಕೊಂಡು ಬಂದು ಕೊನೇ ಕ್ಷಣದಲ್ಲಿ ನೆಟ್ಟಗಾಗಿ ಇಳಿಯುತ್ತದಲ್ಲ, ಆ ವಿಡಿಯೊ ತಾನೇ ನೀವು ಕೇಳಿದ್ದು? ಅದು ನಿಜ ಅಲ್ಲ. ಜರ್ಮನಿಯ ಒಂದು ಬಟ್ಟೆ ಬ್ರಾಂಡಿನ ಜಾಹೀರಾತು, 2008ರಿಂದ ಓಡಾಡುತ್ತಿದೆ.

ವಿಮಾನ ನೆಟ್ಟಗಾಗುವ ಜಾಗದಲ್ಲಿ ನಿಲ್ಲಿಸಿ ನೋಡಿ. ಒಂದೇ ಕಡೆ ರೆಕ್ಕೆ ಇದ್ದರೆ ಆ ಕಡೆ ಮಾತ್ರ ಮೇಲಕ್ಕೆ ಎತ್ತುತ್ತದೆ, ಅಷ್ಟು ನಿಧಾನದಲ್ಲಿ ವಿಮಾನ ಮಗುಚಲೇಬೇಕು. ಇಲ್ಲಿ ಆರಾಮಾಗಿ ಚಕ್ರದ ಮೇಲೆ ಕೂರುತ್ತದೆ! ನೆಲ ಮುಟ್ಟುವಾಗ ನೆರಳು ಚಕ್ರಕ್ಕೆ ಸರಿಯಾಗಿ ಬಂದು ಸೇರುತ್ತಾ ಅನ್ನೋದನ್ನೂ ಇಂಥ ಎಲ್ಲ ವಿಡಿಯೊದಲ್ಲೂ ನೋಡಿ.

ಹಾಗಂತ ನಂಬೋಕೆ ಕಷ್ಟವಾಗಿದ್ದೆಲ್ಲ ಸುಳ್ಳಲ್ಲ. 1983ರಲ್ಲಿ ಇಸ್ರೇಲಿನ ಎಫ್-15 ಯುದ್ಧವಿಮಾನ ನಿಜವಾಗಿಯೂ ಒಂದೇ ರೆಕ್ಕೆಯಲ್ಲಿ ಇಳಿಯಿತು, ಆದರೆ ಅದರ ಅಗಲವಾದ ಒಡಲೇ ಎತ್ತುವ ಬಲ ಕೊಡುತ್ತದೆ, ಪೈಲಟ್ ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ವೇಗದಲ್ಲಿ ಇಳಿಸಿದರು. 2005ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೆಟ್‌ಬ್ಲೂ ವಿಮಾನ ಮುಂದಿನ ಚಕ್ರ ಅಡ್ಡ ತಿರುಗಿದ್ದಾಗಲೇ ಇಳಿದದ್ದೂ ನಿಜ. ಟೈರು ಹರಿದು, ಬೆಂಕಿ ಕಾರುತ್ತಾ ರನ್‌ವೇ ಉದ್ದಕ್ಕೂ ಉಜ್ಜಿಕೊಂಡು ಹೋಗಿದ್ದನ್ನು ಟಿವಿಗಳು ನೇರಪ್ರಸಾರ ಮಾಡಿದವು. ಯಾರಿಗೂ ಗಾಯವಾಗಲಿಲ್ಲ.

ಮುಂದಿನ ಸಲ ಇಂಥದ್ದು ಬಂದರೆ ಮೊದಲು ವಿಮಾನಯಾನ ಸಂಸ್ಥೆ, ಊರು, ತಾರೀಖು ಹುಡುಕಿ. ನಿಜವಾದ ಘಟನೆಗೆ ಸಾಮಾನ್ಯವಾಗಿ ಸುದ್ದಿಯೋ ತನಿಖಾ ವರದಿಯೋ ಸಿಗುತ್ತದೆ.