ಆಸ್ಟ್ರೇಲಿಯಾದ ರೇನ್ ದ್ವೀಪಕ್ಕೆ ಪ್ರವಾಸಿಗರನ್ನು ಏಕೆ ಬಿಡುವುದಿಲ್ಲ?

ಜಗತ್ತಿನಲ್ಲೇ ಅತಿ ಹೆಚ್ಚು ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ತುದಿಯಲ್ಲಿರುವ ಈ ಪುಟ್ಟ ದ್ವೀಪಕ್ಕೆ. ರಾತ್ರಿ ದಡ ಹತ್ತುವ ಆಮೆ, ಬೆಳಕು ಕಂಡರೆ ಅಥವಾ ಯಾರಾದರೂ ಹತ್ತಿರ ಸುಳಿದರೆ ಮೊಟ್ಟೆಯಿಡದೆಯೇ ನೀರಿಗೆ ಮರಳಿಬಿಡಬಹುದು. ಹಾಗಾಗಿ ಸಂಶೋಧಕರು, ಅರಣ್ಯ ಸಿಬ್ಬಂದಿ ಹಾಗೂ ಆ ಕಡಲಿನ ಮೂಲನಿವಾಸಿಗಳಾದ ವುತಾತಿ ಮತ್ತು ಮೆರಿಯಮ್ ಜನರ ಹೊರತು ಉಳಿದವರಿಗೆ ಅಲ್ಲಿ ಪ್ರವೇಶವಿಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ನಿರ್ಬಂಧವೇ.

ಆದರೆ ಜನರನ್ನು ತಡೆದ ಮಾತ್ರಕ್ಕೆ ಆಮೆಗಳು ಉಳಿಯಲಿಲ್ಲ. ಭರತ ಬಂದಾಗ ಕಡಲನೀರು ಮರಳಿನ ಅಡಿಯಿಂದಲೇ ಒಸರಿ ಗೂಡು ತುಂಬುತ್ತಿತ್ತು. ಉಸಿರಾಡಲಾಗದೆ ಮೊಟ್ಟೆಗಳು ಒಳಗೇ ಸಾಯುತ್ತಿದ್ದವು. ಅದಕ್ಕೆಂದೇ 2014ರಿಂದ ಯಂತ್ರಗಳನ್ನು ತಂದು ದಡದ ಮರಳನ್ನು ಎತ್ತರಿಸಿದರು. ದ್ವೀಪದ ನಡುವಿನ ಕಿರುಬಂಡೆಯಿಂದ ಉರುಳಿ, ಅಂಗಾತ ಬಿದ್ದು, ಬಿಸಿಲಲ್ಲಿ ಬೆಂದು ಸಾಯುತ್ತಿದ್ದ ತಾಯಿ ಆಮೆಗಳಿಗಾಗಿ ಬೇಲಿ ಹಾಕಿದರು.

ಎಣಿಸುವ ಬಗೆಯೂ ಸ್ವಾರಸ್ಯಕರ. ದಡಕ್ಕೆ ಬಂದ ಆಮೆಗಳ ಚಿಪ್ಪಿನ ಮೇಲೆ ನಿರಪಾಯಕಾರಿ ಬಿಳಿ ಬಣ್ಣದ ಪಟ್ಟೆ ಎಳೆಯುತ್ತಾರೆ. ಅವು ನೀರಿಗಿಳಿದ ಮೇಲೆ ಡ್ರೋನ್ ಚಿತ್ರಗಳಲ್ಲಿ ಪಟ್ಟೆಯಿರುವವು ಎಷ್ಟು, ಇಲ್ಲದವು ಎಷ್ಟು ಎಂದು ನೋಡಿ ಒಟ್ಟು ಲೆಕ್ಕ ಹಾಕುತ್ತಾರೆ. 2019ರ ಡಿಸೆಂಬರ್‌ನಲ್ಲಿ ಸಿಕ್ಕ ಅಂದಾಜು ಸುಮಾರು 64,000!

ಬಗೆಹರಿಯದಿರುವುದು ಬಿಸಿಯ ಸಮಸ್ಯೆ. ಮರಳು ಬಿಸಿಯಾದಷ್ಟೂ ಹೆಣ್ಣುಮರಿಗಳೇ ಹೆಚ್ಚು. ಈ ಉತ್ತರ ಭಾಗದ ದಡಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ಶೇ. 99ರಷ್ಟು ಹೆಣ್ಣು ಎಂದು 2018ರ ಅಧ್ಯಯನವೊಂದು ತೋರಿಸಿತು. ಇದಕ್ಕೆ ಬೇಲಿಯಿಂದಲೂ ಯಂತ್ರದಿಂದಲೂ ಪರಿಹಾರವಿಲ್ಲ.